ಕೇರಿ ನಮ್ಮದು, ಕೊಳೆ ಯಾರದು?

ಗೆಳೆಯರೇ, ಇವತ್ತು ದೂರದ ಊರಿನ ಕತೆ ಹೇಳ್ತೀನಿ. ಓದಿದ ಮೇಲೆ ದೂರದ್ದು ಅನ್ಸಲ್ಲ.

ಅಮೆರಿಕದ ಬೋಸ್ಟನ್ ನಗರದಲ್ಲಿ ವೆಸ್ಟ್ ಎಂಡ್ ಅಂತ ಒಂದು ಹಳೇ ಬಡಾವಣೆ ಇತ್ತು. ಇಟಲಿಯಿಂದ, ಪೋಲೆಂಡ್‌ನಿಂದ ವಲಸೆ ಬಂದವರು, ಯಹೂದಿಗಳು ಒತ್ತೊತ್ತಾದ ಇಟ್ಟಿಗೆ ಕಟ್ಟಡಗಳಲ್ಲಿ ಕಡಿಮೆ ಬಾಡಿಗೆಗೆ ಬದುಕ್ತಿದ್ದರು. ಅದು ಸ್ಲಂ, ಕೆಡವಿ ಹೊಸದಾಗಿ ಕಟ್ತೀವಿ ಅಂತ 1953ರಲ್ಲಿ ನಗರಾಡಳಿತ ಸಾರಿತು. ನಾಳೆ ಒಡೆಯೋ ಮನೆಗೆ ಯಾರು ಸುಣ್ಣ ಬಳೀತಾರೆ ಹೇಳಿ? ಮಾಲೀಕರು ರಿಪೇರಿ ನಿಲ್ಲಿಸಿದರು. ಮೊದಲು ಹೆಸರು ಬಂತು, ಆಮೇಲೆ ಕೊಳೆ ಬಂತು. 1958ರಲ್ಲಿ ಖಾಲಿ ಮಾಡಿಸೋದು ಶುರುವಾಯ್ತು. ಸುಮಾರು 2,700 ಕುಟುಂಬಗಳು ಚದುರಿಹೋದವು. ಅಲ್ಲಿ ಎದ್ದದ್ದು ಉಳ್ಳವರ ಅಪಾರ್ಟ್‌ಮೆಂಟ್.

ತೆರವಿಗೆ ಮುಂಚೆ ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞ ಅಲ್ಲೇ ಕೆಲವು ತಿಂಗಳು ಬಾಡಿಗೆಗಿದ್ದರು. ಇದು ಸ್ಲಂ ಅಲ್ಲ, ಬಾಡಿಗೆ ಕಡಿಮೆ ಇರೋ ಜಾಗ ಅಷ್ಟೇ ಅಂತ 1962ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಮನೋವಿಜ್ಞಾನಿ ಮಾರ್ಕ್ ಫ್ರೀಡ್ ಎತ್ತಂಗಡಿಯಾದವರನ್ನು ಮಾತಾಡಿಸಿದಾಗ, ಮನೆಯವರನ್ನು ಕಳಕೊಂಡವರ ಥರದ ದುಃಖ ಕಂಡರು. 2015ರಲ್ಲಿ ಅಲ್ಲಿನ ಪ್ರಾಧಿಕಾರ ಕ್ಷಮೆ ಕೇಳಿತು. ಅಷ್ಟೊತ್ತಿಗೆ ಕೇಳಿಸಿಕೊಳ್ಳೋಕೆ ಎಷ್ಟು ಜನ ಉಳಿದಿದ್ದರೋ!

ನಾನೊಬ್ಬ ಗುಮಾಸ್ತ. ಫೈಲಿಗೆ ಒಂದು ಪದ ಬಿದ್ದರೆ ಅದನ್ನ ಅಳಿಸೋದು ಎಷ್ಟು ಕಷ್ಟ ಅಂತ ದಿನಾ ನೋಡ್ತೀನಿ. ಸ್ಲಂ ಅನ್ನೋದಕ್ಕೆ ನಮ್ಮ ಕನ್ನಡ ಏನು ಮಾಡಿದೆ ನೋಡಿ: ಕೊಳೆಗೇರಿ. ಕೇರಿ ನಮ್ಮದೇ ಪದ. ಊರವರು ನಮ್ಮನ್ನ ಊರಾಚೆ ಇಟ್ಟ ಜಾಗ ಅದು. ಅದರ ಮುಂದೆ ಕೊಳೆ ಅಂಟಿಸಿದ್ದು ಯಾರು? ಊರಿನ ಕೊಳೆ ಗುಡಿಸೋರು ನಾವು, ಕೊಳೆ ಅನ್ನಿಸಿಕೊಳ್ಳೋರೂ ನಾವೇ!

2013ರ ಜನವರಿ ಚಳೀಲಿ ಬೆಂಗಳೂರಿನ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳನ್ನು ಬೀದಿಗೆ ಹಾಕಿದರು. ಅವರಲ್ಲಿ ದಲಿತರು, ತಮಿಳುನಾಡಿಂದ ದುಡಿಯೋಕೆ ಬಂದವರು ಬಹಳ ಇದ್ದರು. ಆ ಜಾಗದ ಒಂದು ಪಾಲಿಗೆ ಮಾಲ್ ಯೋಜನೆ ಇತ್ತು.

ಒಂದು ಮಾತು ನೆನಪಿರಲಿ. ನಮ್ಮ ರಾಜ್ಯದ 1973ರ ಕೊಳಚೆ ಪ್ರದೇಶಗಳ ಕಾಯ್ದೆಯ ಹೆಸರಲ್ಲೇ ಅಭಿವೃದ್ಧಿ, ನಿರ್ಮೂಲನ ಎರಡೂ ಇವೆ. ಅದೇ ಘೋಷಣೆ ಹಿಡಿದು ನಮ್ಮ ಜನ ನೀರು, ಹಕ್ಕುಪತ್ರ ಕೇಳ್ತಾರೆ. ಅದೇ ಕಾಯ್ದೇಲಿ ತೆರವಿಗೂ ದಾರಿ ಇದೆ. ಹಾಗಾಗಿ ಸರ್ವೆಗೆ ಬಂದವರಿಗೆ ಬರೀ ಹೆಬ್ಬೆಟ್ಟು ಒತ್ತಬೇಡಿ. ಪಟ್ಟಿಯ ಪ್ರತಿ ಕೇಳಿ. ನಿಮ್ಮ ಹೆಸರು ಇದೆಯಾ ನೋಡಿ. ಇದೇ ಜಾಗದಲ್ಲಿ ಮನೆ ಕೊಡ್ತೀರಾ, ಯಾವಾಗ, ಅಲ್ಲೀತನಕ ಎಲ್ಲಿರಬೇಕು ಅಂತ ಬರಹದಲ್ಲಿ ಕೇಳಿ. ಒಬ್ಬೊಬ್ಬರೇ ಹೋಗಬೇಡಿ, ಇಡೀ ಕೇರಿ ಹೋಗಿ.

ಜೈ ಭೀಮ್.