ಸಾಲೆಯ ಗುಣವನ್ನು ಬಲ್ಲವರಾರು?

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕಳಿಸಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದಿಂದ ಪತ್ರ ಬಂದಾಗ, ವಸತಿಗೃಹದ ಗಂಟೆಯನ್ನೂ ಅಂಗಳದ ಹುಣಸೆಯ ಮರವನ್ನೂ ನೆನೆದು ಎರಡು ಪುಟ ತುಂಬಿಸಬಹುದೆಂದು ಕುಳಿತೆನು. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕಳೆದ ಸಮ್ಮೇಲನದಲ್ಲಿ ನನ್ನ ಮಗಳು ಸರಕಾರಿ ಪ್ರೌಢಶಾಲೆಯಲ್ಲಿ ಕಲಿತವಳೆಂದು ತಿಳಿದ ಮೂವರು ಗೆಳತಿಯರು ಒಬ್ಬರ ಹಿಂದೊಬ್ಬರು, "ಅಲ್ಲಿ ಸಾಲಿ ಹೆಂಗೈತಿ?" ಎಂದು ನನ್ನನ್ನು ಕೇಳಿದ್ದರು. "ಛಲೋ ಐತಿ" ಎಂದಷ್ಟೇ ಹೇಳಿ ಚಹದ ಬಟ್ಟಲನ್ನು ಕೈಗೆತ್ತಿಕೊಂಡಿದ್ದೆನು. ಆ ಉತ್ತರವು ಸುಳ್ಳಲ್ಲ. ಆದರೆ ಅರ್ಧವೇ ಆಗಿದ್ದಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ. ಸಾಲೆಯ ಹೆಸರನ್ನು ಮಾತ್ರ ಕೇಳಬೇಡಿರಿ.

ನಮ್ಮ ಊರು ಘಟಪ್ರಭಾ. ನದಿಯ ಹೆಸರೇ ಊರಿಗೂ ಬಂದಿದೆ. ಪರಸ್ಥಳದವರು ಇದನ್ನು ಬಲ್ಲುವದು ಹೆಚ್ಚಾಗಿ ಔಷಧೋಪಚಾರಕ್ಕಾಗಿ. 1929ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯ ಧಾಮವೂ, 1950ರಲ್ಲಿ ಸಹಕಾರಿ ತತ್ತ್ವದ ಮೇಲೆ ಹುಟ್ಟಿದ ಆಸ್ಪತ್ರೆಯೂ ಇಲ್ಲಿಯೇ ಇವೆ. 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದ ಡಾಕ್ಟರ ಹರ್ಡೀಕರರು ಬಾಳಿದ ಊರು ಇದು. ಅವರ ದಳದಲ್ಲಿ ಸ್ತ್ರೀಯರ ಮುಂದಾಳಾಗಿದ್ದ ಉಮಾಬಾಯಿ ಕುಂದಾಪುರ ಅವರು ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳಿಗಾಗಿ ತಿಲಕ ಕನ್ಯಾಶಾಲೆಯನ್ನು ನಡೆಸಿದವರು. ಇಂಥ ಸೀಮೆಯಲ್ಲಿ ಹೆಣ್ಣುಮಕ್ಕಳ ವಿದ್ಯೆಯು ಹೊಸ ಮಾತೇನಲ್ಲ. ಆದರೂ ಬೆಳಿಗ್ಗೆ ಎಂಟು ಗಂಟೆಗೆ ರಸ್ತೆಯ ಬದಿಗೆ ನಿಂತು ನೋಡಿದರೆ, ಧುಪದಾಳ, ಶಿಂದಿಕುರಬೇಟ, ಅರಭಾವಿಗಳ ಕಡೆಯಿಂದ ಖಾಸಗಿ ಸಾಲೆಗಳ ಹಳದಿ ಬಸ್ಸುಗಳು ತುಂಬಿ ಹೋಗುವವು; ಸರಕಾರಿ ಸಾಲೆಯ ಮಕ್ಕಳು ಕಬ್ಬಿನ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟು ಬದಿಗೆ ಸರಿದು ನಡೆಯುವರು.

ನನ್ನ ಮಗಳೂ ಏಳನೆಯ ಇಯತ್ತೆಯವರೆಗೆ ಹಳದಿ ಬಸ್ಸಿನಲ್ಲಿಯೇ ಹೋದವಳು. 2019ರ ಆಗಸ್ಟದಲ್ಲಿ ನದಿ ಉಕ್ಕಿ ಗೋಕಾಕ ನಗರವೇ ಜಲಮಯವಾದದ್ದನ್ನು ವಾಚಕರು ಬಲ್ಲರು. ಆ ನೀರು ನಮ್ಮ ಹೊಲದೊಳಗಿನ ಕಬ್ಬನ್ನೂ ಕೊಳೆಯಿಸಿತು. ಸಾಲವೆದ್ದಿತು, ಅದರ ಬೆನ್ನಿಗೆ ಕೊರೋನಾ ಬಂದಿತು. 2021ರಲ್ಲಿ ಅವಳನ್ನು ಸರಕಾರಿ ಪ್ರೌಢಶಾಲೆಯ ಎಂಟನೆಯ ಇಯತ್ತೆಗೆ ಸೇರಿಸಿದೆವು. ಕೇಳಿದವರಿಗೆಲ್ಲ ನಾನು, ಸರಕಾರಿ ಸಾಲೆಗಳನ್ನು ನಾವೇ ಉಳಿಸದಿದ್ದರೆ ಯಾರು ಉಳಿಸಬೇಕು, ಎಂದು ಹೇಳುತ್ತಿದ್ದೆನು. ಮಾತು ಚಂದವಿದ್ದಿತು. ಶುಲ್ಕ ಕಟ್ಟಲಾಗಲಿಲ್ಲವೆಂಬದೇ ನಿಜವಾದ ಕಾರಣ.

ಆ ಸಾಲೆಯಲ್ಲಿ ಪಾಲಕರ ಸಮಿತಿಯೊಂದಿದ್ದಿತು. ನಾನು ಇಂಗ್ಲಿಷು ಓದಬಲ್ಲವಳೆಂದೋ, ಮಿಶನ್ ಸಾಲೆಯಲ್ಲಿ ಕಲಿತವಳೆಂದೋ ನನ್ನನ್ನೂ ಅದರಲ್ಲಿ ಸೇರಿಸಿದರು. ಸಭೆಗಳಲ್ಲಿ ನಾನು ಕೇಳಿದ ಅಭಿಪ್ರಾಯಗಳನ್ನು ಹೇಳಿದರೆ ನಿಮಗೆ ನಗೆ ಬರಬಹುದು. ಒಬ್ಬ ತಾಯಿ, "ಪುಸ್ತಕ ಕೊಡ್ತಾರ, ಅರಿವಿ ಕೊಡ್ತಾರ, ಊಟಾ ಹಾಕ್ತಾರ. ಇನ್ನೇನ್ ಬೇಕ್ರಿ ಬಾಯಾರ?" ಎಂದಳು. ಅವಳು ಕಬ್ಬು ಕಡಿಯಲು ಹೋಗುವವಳು. ಆ ಊಟದ ಬೆಲೆಯನ್ನು ಬಲ್ಲವಳು. ಅವಳ ಮಾತಿಗೆ ನಾನು ನಗಲಿಲ್ಲ. ಇನ್ನೊಬ್ಬರು ಮಕ್ಕಳಿಗೆ ಟಾಯ್ ಇಲ್ಲವೆಂದು ಬೇಸರಪಟ್ಟರು. ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದ ಗೃಹಸ್ಥರೊಬ್ಬರ ಮಗನು ಖಾಸಗಿ ಸಾಲೆಗೆ ಹೋಗುತ್ತಿದ್ದನು. ಮಗಳು ಮಾತ್ರ ಇಲ್ಲಿದ್ದಳು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಹೀಗೆಯೇ. ಹಣ ಕೊಟ್ಟು ಕಲಿಸುವ ವಿದ್ಯೆ ಗಂಡಿಗೆ, ಪುಕ್ಕಟೆಯ ವಿದ್ಯೆ ಹೆಣ್ಣಿಗೆ. ಸಾಲೆಯ ಮಹಾದ್ವಾರಕ್ಕೆ ಕಮಾನು ಕಟ್ಟಿಸಿ ಬಣ್ಣ ಬಳಿಸಿದರೆ ಹೊರಗಿನವರಿಗೆ ಗೌರವ ಹುಟ್ಟುವದೆಂದು ಅವರು ಸೂಚಿಸಿದರು. ದೇಣಿಗೆಯ ಹಣದಿಂದ ಕಮಾನು ಎದ್ದಿತು. ಆ ಠರಾವಿಗೆ ನನ್ನ ಸಹಿಯೂ ಇದೆ.

ಫಲಿತಾಂಶದ ಮಾತಂತೂ ಪ್ರತಿ ಸಭೆಯಲ್ಲಿಯೂ ಬರುತ್ತಿದ್ದಿತು. ನೂರಕ್ಕೆ ಎಷ್ಟು ಮಕ್ಕಳು ಪಾಸಾದರೋ ಸಾಲೆ ಅಷ್ಟೇ ಒಳ್ಳೆಯದೆಂದು ಪಾಲಕರ ಲೆಕ್ಕ. ಈ ಲೆಕ್ಕದ ಮೇಲಿನ ನನ್ನ ಭಕ್ತಿ ಈಗ ಕಡಿಮೆಯಾಗಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ 2023ರಲ್ಲಿ ನೂರಕ್ಕೆ 83.89 ಇದ್ದಿತು. ಪರೀಕ್ಷೆಯ ಕೋಣೆಗಳಲ್ಲಿ ಕ್ಯಾಮರಾಗಳನ್ನಿಟ್ಟು ದೂರದಿಂದ ಕಾವಲು ಮಾಡತೊಡಗಿದ 2024ರಲ್ಲಿ ಅದೇ ಫಲಿತಾಂಶ, ಕೃಪಾಂಕಗಳನ್ನು ಹೆಚ್ಚಿಸಿ ಕೊಟ್ಟ ಮೇಲೆಯೂ, 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳೆಲ್ಲ ದಡ್ಡರಾದರೆಂದು ನಾನು ನಂಬಲಾರೆ. ಅಂದ ಬಳಿಕ ಮೊದಲಿನ ಅಂಕಿಯು ಅಳೆದದ್ದು ಯಾವದನ್ನು?

2023ರ ಮಳೆಗಾಲದಲ್ಲಿ, ಮಗಳು ಹತ್ತನೆಯ ಇಯತ್ತೆಗೆ ಬಂದಾಗ, ಕನ್ನಡ ಕಲಿಸುವ ಬಾಯಿಯವರು ಒಂದು ಕೆಲಸ ಮಾಡಿದರು. ಪಾಲಕರೇ ಯಾವಾಗಲೂ ಮಾತಾಡುವರು, ಮಕ್ಕಳನ್ನೂ ಒಮ್ಮೆ ಕೇಳೋಣವೆಂದು ಹುಡುಗಿಯರಿಗೆಲ್ಲ ಒಂದೊಂದು ಚೀಟಿ ಕೊಟ್ಟು, ಹೆಸರು ಬರೆಯದೆ ಸಾಲೆಯ ವಿಷಯವಾಗಿ ಅನಿಸಿದ್ದನ್ನು ಬರೆಯಿರಿ ಎಂದರು. ಸಮಿತಿಯ ಗಂಡಸರ ಮುಂದೆ ಇವನ್ನು ಹೇಗೆ ಓದುವದೆಂದು ಸಂಕೋಚಪಟ್ಟು, ಮೊದಲು ನೋಡಿಕೊಡಿರೆಂದು ಆ ಕಟ್ಟನ್ನು ನನಗೆ ಒಪ್ಪಿಸಿದರು.

ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ದೀಪದ ಬೆಳಕಿಗೆ ಬಿಚ್ಚಿದೆನು. ಟಾಯ್‌ದ ಮಾತು ಒಬ್ಬಳೂ ಬರೆದಿರಲಿಲ್ಲ. ಕಮಾನನ್ನು ಒಬ್ಬಳೇ ನೆನೆದಿದ್ದಳು: ಮಳೆ ಬಂದರೆ ಅದರ ಕೆಳಗೆ ನಾಲ್ಕು ಜನ ನಿಲ್ಲಬಹುದಂತೆ. ಗಣಿತಕ್ಕೆ ಬರುವ ಅತಿಥಿ ಶಿಕ್ಷಕರು ಮೂರು ಸಲ ಕೇಳಿದರೂ ಸಿಟ್ಟಾಗದೆ ಹೇಳಿಕೊಡುವರೆಂದು ಹಲವರು ಬರೆದಿದ್ದರು. "ಅವರನ್ನು ಕಾಯಂ ಮಾಡಿರಿ" ಎಂದು ಒಬ್ಬಳ ಅಪ್ಪಣೆ! ಗ್ರಂಥಗಳ ಕಪಾಟಿನ ಕೀಲಿಯನ್ನು ತೆಗೆಯಬೇಕೆಂದು ಒಬ್ಬಳು. ಅಕ್ಕನಿಗೆ ಸರಕಾರದ ಸೈಕಲ್ಲು ಸಿಕ್ಕಿತ್ತು, ನನಗೆ ಸಿಕ್ಕಲಿಲ್ಲ, ಕತ್ತಲಾದ ಮೇಲೆ ಕಬ್ಬಿನ ನಡುವೆ ನಡೆಯಲು ಹೆದರಿಕೆ, ಎಂದು ಇನ್ನೊಬ್ಬಳು. 2006ರಲ್ಲಿ ತೊಡಗಿದ ಆ ಸೈಕಲ್ಲಿನ ಯೋಜನೆ ಕೊರೋನಾ ಕಾಲದಲ್ಲಿ ನಿಂತುಹೋಗಿದ್ದಿತು. ಊಟದ ಸಾರು ನೀರಾಗಿರುವದೆಂದು ಕೆಲವರು. ಹಿಂದಿನ ಬಾಕಿನವರನ್ನು ಹೆಸರು ಹಿಡಿದು ಕರೆಯಲಿ ಎಂದು ಒಬ್ಬಳು.

ಆದರೆ ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಒಂದೇ ಮಾತು. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಒಳಗೆ ನೀರಿಲ್ಲ, ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲನ್ನು ಹಿಡಿದು ನಿಲ್ಲಬೇಕು. ತಿಂಗಳ ಆ ದಿನಗಳಲ್ಲಿ ಸಾಲೆಗೆ ಬರುವದೇ ಇಲ್ಲವೆಂದು ಬರೆದವರಿದ್ದರು. ಹುಡುಗಿಯರ ಹಾಜರಿಯ ಪುಸ್ತಕದಲ್ಲಿಯ ಗೈರುಹಾಜರಿಗಳಿಗೆ ನಾವು ಸಭೆಯಲ್ಲಿ ಪಾಲಕರ ಅಜ್ಞಾನವೆಂದೂ ಮನೆಗೆಲಸವೆಂದೂ ಕಾರಣ ಕೊಟ್ಟಿದ್ದೆವು.

ಅದರೊಳಗೆ ಒಂದು ಚೀಟಿ: "ನಾನು ಎರಡು ವರ್ಷದಿಂದ ಸಾಲೆಯಲ್ಲಿ ನೀರು ಕುಡಿದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಬಾಟಲಿಯ ನೀರನ್ನು ಮನೆಗೆ ಹೋಗುವಾಗ ಬೇವಿನ ಗಿಡಕ್ಕೆ ಹಾಕುತ್ತೇನೆ."

ವರ್ಷ ಎಂಬಲ್ಲಿಯ ಅರ್ಕಾವತ್ತನ್ನು ಅಳಿಲಿನ ಬಾಲದಂತೆ ಮೇಲಕ್ಕೆ ಸುತ್ತಿ ಬರೆಯುವವಳು ನಮ್ಮ ಮನೆಯಲ್ಲಿಯೇ ಒಬ್ಬಳಿದ್ದಾಳೆ. ಒಂದನೆಯ ಇಯತ್ತೆಯಲ್ಲಿ ಕೈ ಹಿಡಿದು ತಿದ್ದಿಸಿದವಳು ನಾನೇ.

ಆ ಎರಡು ವರ್ಷಗಳಲ್ಲಿ ಮೂರು ಸಲ ಅವಳನ್ನು ಉರಿಮೂತ್ರದ ಬಾಧೆಗಾಗಿ ವೈದ್ಯರಲ್ಲಿಗೆ ಕರೆದೊಯ್ದಿದ್ದೆನು. ಹುಡುಗಿ ನೀರು ಸಾಕಷ್ಟು ಕುಡಿಯುವಳೋ ಎಂದು ಅವರು ಪ್ರತಿಸಲವೂ ಕೇಳಿದರು. ದಿನಾಲು ಬಾಟಲಿ ತುಂಬಿ ಕಳಿಸುತ್ತೇನೆ, ಬರಿದಾಗಿ ಬರುತ್ತದೆ, ಎಂದು ನಾನೇ ಮುಂದಾಗಿ ಉತ್ತರ ಕೊಟ್ಟಿದ್ದೆನು. ಅವಳು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಾನು ಕೇಳಗೊಡಲೂ ಇಲ್ಲ.

ಇಲ್ಲಿ ಒಂದು ಮಾತು. ಎಲ್ಲ ಸಾಲೆಗಳಲ್ಲಿಯೂ ಕುಡಿಯುವ ನೀರನ್ನೂ, ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಶೌಚಾಲಯಗಳನ್ನೂ ಆರು ತಿಂಗಳೊಳಗೆ ಒದಗಿಸಬೇಕೆಂದು 2012ರ ಅಕ್ಟೋಬರದಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಾಗಿದೆ. ನಮ್ಮ ಸಾಲೆಯಲ್ಲಿ ಶೌಚಾಲಯ ಇದ್ದಿತು; ಕಾಗದದಲ್ಲಿ "ಇದೆ" ಎಂದು ಬರೆದದ್ದೂ ಸರಿಯೇ. ಅದನ್ನು ಬಳಸಬಹುದೋ ಎಂದು ಹೇಳಬಲ್ಲವರು ಬಳಸುವವರೇ. ಮುಖ್ಯಾಧ್ಯಾಪಕರು ಗಂಡಸರು, ಆ ಕಡೆಗೆ ಕಾಲಿಡುವದು ಮರ್ಯಾದೆಯಲ್ಲವೆಂದು ತಿಳಿದಿದ್ದವರು. ನಾನಂತೂ ಹೆಂಗಸು. ಎರಡು ವರ್ಷ ಸಭೆಗೆ ಹೋಗಿ, ಕುರ್ಚಿಯಲ್ಲಿ ಕುಳಿತು, ಚಹ ಕುಡಿದು ಬಂದವಳು ಇಪ್ಪತ್ತು ಹೆಜ್ಜೆ ಹಿಂದಕ್ಕೆ ನಡೆದು ನೋಡಲಿಲ್ಲ.

ನಮ್ಮ ಮಿಶನ್ ಸಾಲೆಯಲ್ಲಿ ಇಂಥದೊಂದು ನಡೆಯುತ್ತಿರಲಿಲ್ಲವೆಂದು ಕೆಲವು ಸೋದರಿಯರು ಹೇಳಬಹುದು. ಚಿಲಕ ಇದ್ದವು, ನಿಜ. ಮೇಟ್ರನ್ ಬಾಯಿಯವರು ಮುಂಜಾನೆ ತಾವೇ ತಿರುಗಿ ನೋಡುತ್ತಿದ್ದರು. ಆದರೆ ಐದು ವರ್ಷಗಳಲ್ಲಿ, ನಿನಗೆ ಈ ಸಾಲೆ ಹೇಗೆ ಅನಿಸುತ್ತದೆ ಎಂದು ನನ್ನನ್ನು ಅಲ್ಲಿಯೂ ಯಾರೂ ಕೇಳಿದ್ದು ನೆನಪಿಲ್ಲ. ಕೇಳಿದ್ದರೆ, ರಾತ್ರಿ ಊರ ನೆನಪಾಗಿ ಅಳುವವರಿಗೆ ಶಿಕ್ಷೆ ಕೊಡಬೇಡಿರೆಂದು ನಾನು ಬರೆಯುತ್ತಿದ್ದೆನು.

ಮರುದಿನ ಮಗಳಿಗೆ ಚೀಟಿಯ ಸುದ್ದಿ ಎತ್ತಲಿಲ್ಲ. ಹೆಸರಿಲ್ಲದೆ ಬರೆದದ್ದಕ್ಕೆ ಹೆಸರು ಹಚ್ಚುವದು ಸರಿಯಲ್ಲವೆಂದು ತೋರಿತು. ಸಭೆಯಲ್ಲಿ ಚೀಟಿಗಳನ್ನು ನಾನೇ ಓದಿದೆನು, ಒಂದನ್ನೂ ಬಿಡದೆ. ಗಟ್ಟಿಯಾಗಿ ಮಾತಾಡುವ ಆ ಗೃಹಸ್ಥರು ಮೊದಲು ಕಿಟಕಿಯ ಕಡೆಗೆ ನೋಡುತ್ತಿದ್ದರು, ಆಮೇಲೆ ಎದ್ದುಹೋದರು. ಸಿಟ್ಟಿಗೆದ್ದರೆಂದು ನಾವು ತಿಳಿದೆವು. ಸಂಜೆಗೆ ಬಡಿಗನನ್ನು ಕರೆದುಕೊಂಡು ಬಂದರು. ಚಿಲಕಗಳ ಖರ್ಚು ಕಮಾನಿನ ಬಣ್ಣದ ಖರ್ಚಿನ ಹತ್ತನೆಯ ಒಂದು ಪಾಲೂ ಆಗಲಿಲ್ಲ. ನೀರಿನ ಟಾಕಿಗೂ ನಳಕ್ಕೂ ಮಾತ್ರ ಅರ್ಜಿ, ಮಂಜೂರಿ ಎಂದು ದೀಪಾವಳಿ ದಾಟಿತು. ಕಪಾಟಿನ ಕೀಲಿ ಆ ವರ್ಷ ತೆಗೆಯಲೇ ಇಲ್ಲ. ಗಣಿತದ ಅತಿಥಿ ಶಿಕ್ಷಕರು ಕಾಯಂ ಆಗಲಿಲ್ಲ. ಆ ಮಾತು ನಮ್ಮ ಕೈಯೊಳಗಿನದಲ್ಲ.

2024ರಲ್ಲಿ, ಕ್ಯಾಮರಾದ ಕೆಳಗೆಯೇ ಕುಳಿತು, ಮಗಳು ಪರೀಕ್ಷೆ ಬರೆದು ತೇರ್ಗಡೆಯಾದಳು. ನೂರಕ್ಕೆ ಎಷ್ಟು ಎಂದು ನೆರೆಯವರು ಕೇಳಿದರು, ಹೇಳಿದೆವು. ಗೋಕಾಕದ ಕಾಲೇಜಿಗೆ ಹೆಸರು ಹಚ್ಚಿದ ದಿನ, ಬಸ್ಸಿನಲ್ಲಿ ಮರಳುವಾಗ, "ನಿಮ್ಮ ಹೈಸ್ಕೂಲ ಹೆಂಗಿತ್ತವ್ವಾ?" ಎಂದು ಅವಳನ್ನು ಮೊದಲನೆಯ ಸಲ ನಾನಾಗಿ ಕೇಳಿದೆನು.

ಅವಳು ಸ್ವಲ್ಪ ಹೊತ್ತು ಹೊರಗಿನ ಕಬ್ಬನ್ನು ನೋಡಿದಳು. "ಗಣಿತ ಭಾಳ ಛಲೋ ಕಲಿಸಿದ್ರು," ಎಂದಳು. ಆಮೇಲೆ ನನ್ನ ಕಡೆಗೆ ತಿರುಗದೆಯೇ, "ಚಿಲಕಾ ಹಾಕ್ಸಾಕ ಭಾಳ ತಡಾ ಮಾಡಿದ್ರಿ, ಅವ್ವಾ," ಎಂದಳು.