ಒಂದೇ ಆಯುಧ

ಲೋಕದಲ್ಲಿ ಒಂದೇ ಸಾಧನದಿಂದ ಸಕಲ ಕಾರ್ಯಗಳನ್ನೂ ನಡೆಯಿಸಿಕೊಳ್ಳಬೇಕೆಂಬ ಆಸೆಯು ಬಹು ಹಳೆಯದು. ಗೃಹಿಣಿಯು ಒಂದೇ ಈಳಿಗೆಮಣೆಯ ಮೇಲೆ ಕುಳಿತು ಕಾಯಿಪಲ್ಲೆಯನ್ನು ಹೆಚ್ಚಿ, ಅದರ ತುದಿಯ ಹಲ್ಲುಗಳಿಂದಲೇ ತೆಂಗಿನಕಾಯಿಯನ್ನೂ ತುರಿದುಬಿಡುವಳು. ವೈದ್ಯನು ಒಂದೇ ತ್ರಿಫಲಾಚೂರ್ಣವನ್ನು ಅನುಪಾನಭೇದದಿಂದ ಹತ್ತು ರೋಗಗಳಿಗೆ ಕೊಡುವನು. ಆದರೆ ಆಯುಧದ ವಿಷಯದಲ್ಲಿ ಪೂರ್ವಿಕರು ಈ ಆಸೆಗೆ ಎಡೆಗೊಟ್ಟಂತೆ ಕಾಣುವುದಿಲ್ಲ. ಅಗ್ನಿಪುರಾಣದ ಧನುರ್ವೇದಭಾಗದಲ್ಲಿ ಯುದ್ಧಸಾಧನಗಳನ್ನು ಯಂತ್ರಮುಕ್ತ, ಪಾಣಿಮುಕ್ತ, ಮುಕ್ತಸಂಧಾರಿತ, ಅಮುಕ್ತ, ಬಾಹುಯುದ್ಧ ಎಂದು ಐದು ಬಗೆಯಾಗಿ ವಿಂಗಡಿಸಿದೆ. ಬಿಲ್ಲಿನ ಕೆಲಸ ಖಡ್ಗಕ್ಕೆ ಬಾರದು, ಖಡ್ಗದ ಕೆಲಸ ಬಿಲ್ಲಿಗೆ ಬಾರದು. ಎರಡನ್ನೂ ಬಲ್ಲವನೇ ವೀರನು.

ಈ ಹಳೆಯ ವಿಂಗಡಣೆಯು ತೀರ್ಥಹಳ್ಳಿಯ ಸೀಮೆಯ ಒಂದು ಅಡಕೆ ತೋಟದ ಮನೆಯಲ್ಲಿ ಚರ್ಚೆಗೆ ಬರಬೇಕಾದ ಪ್ರಸಂಗವು 2019ನೆಯ ಇಸವಿಯ ನವೆಂಬರ್ ತಿಂಗಳ ಕೊನೆಯಲ್ಲಿ ಒದಗಿತು. ಒಬ್ಬ ಪ್ರಜೆಯು ಪರವಾನಗಿ ಪಡೆದು ಮೂರು ಬಂದೂಕುಗಳವರೆಗೆ ಇರಿಸಿಕೊಳ್ಳಬಹುದೆಂದು ಇದ್ದ ಕಾನೂನನ್ನು ತಿದ್ದಿ, ಇನ್ನು ಮುಂದೆ ಒಬ್ಬನಿಗೆ ಒಂದೇ ಎಂದು ವಿಧಿಸುವ ಮಸೂದೆಯು ಲೋಕಸಭೆಯ ಮುಂದೆ ಬಂದಿತ್ತು. ಆ ಮನೆಯಲ್ಲಿ ಇದ್ದುದು ಸರಿಯಾಗಿ ಮೂರು. ಮೊದಲನೆಯದು ಅಜ್ಜನ ಕಾಲದ ಕೇಪಿನ ಕೋವಿ. ಅದಕ್ಕೆ ನಳಿಗೆಯ ಬಾಯಿಂದಲೇ ಮದ್ದನ್ನೂ ಚರೆಯನ್ನೂ ಜಡಿಯಬೇಕು. ಎರಡನೆಯದು ತಂದೆಯವರು ಕೊಂಡಿದ್ದ ಜೋಡು ನಳಿಗೆಯ ತೋಟಾ ಕೋವಿ. ಮೂರನೆಯದು ಯಜಮಾನರು ತಾವೇ 1996ರಲ್ಲಿ ಕೊಂಡ .32 ಅಂಗುಲ ವ್ಯಾಸದ ರಿವಾಲ್ವರು. ಮಹಾನವಮಿಯ ದಿನ ಮೂರನ್ನೂ ಎಣ್ಣೆ ಹಾಕಿ ಒರಸಿ, ಕತ್ತಿ ಗುದ್ದಲಿಗಳ ಜೊತೆಯಲ್ಲಿ ಸಾಲಾಗಿ ಇಟ್ಟು, ಕುಂಕುಮವಿಟ್ಟು ಪೂಜೆ ಮಾಡುವುದು ಮನೆಯ ಪದ್ಧತಿ. ಈಗ ಮೂರರಲ್ಲಿ ಒಂದನ್ನು ಆರಿಸಬೇಕಾಗಿ ಬಂತು.

ಬೆಂಗಳೂರಿನಿಂದ ಬಂದಿದ್ದ ಹಿರಿಯ ಮಗನಿಗೆ ಸಂದೇಹವೇ ಇರಲಿಲ್ಲ. “ರಿವಾಲ್ವರನ್ನೇ ಇಟ್ಟುಕೊಳ್ಳಿ ಅಪ್ಪಯ್ಯ. ದಾರಿಯಲ್ಲಿ ಜೇಬಿನಲ್ಲಿರುತ್ತದೆ, ಮನೆಯಲ್ಲಿ ತಲೆದೆಸೆಯಲ್ಲಿರುತ್ತದೆ, ತೋಟಕ್ಕೆ ಹೋದರೆ ಸೊಂಟದಲ್ಲಿರುತ್ತದೆ. ಮೂರು ಕೆಲಸಕ್ಕೂ ಅದೊಂದೇ ಸಾಕು” ಎಂದನು. ತನ್ನ ಪಕ್ಷಕ್ಕೆ ಅಮೆರಿಕದ ಸೈನ್ಯದ ದೃಷ್ಟಾಂತವನ್ನೂ ಕೊಟ್ಟನು. ಫಿಲಿಪ್ಪೀನ್ಸ್ ದ್ವೀಪಗಳ ಯುದ್ಧದಲ್ಲಿ .38 ಅಂಗುಲದ ರಿವಾಲ್ವರುಗಳು ಮೇಲೆ ಬೀಳುವ ಶತ್ರುವನ್ನು ನಿಲ್ಲಿಸಲಾರದೆ ಹೋದುವೆಂಬ ದೂರು ಹುಟ್ಟಿ, 1904ರಲ್ಲಿ ಪರೀಕ್ಷೆಗಳು ನಡೆದು, .45 ಅಂಗುಲಕ್ಕೆ ಕಡಮೆಯಿಲ್ಲದ ಗುಂಡು ಬೇಕೆಂದು ನಿರ್ಧಾರವಾಯಿತು. ಜಾನ್ ಬ್ರೌನಿಂಗನು ಅದಕ್ಕೆ ತಕ್ಕ ಪಿಸ್ತೂಲನ್ನು ಕಟ್ಟಿದನು. ಅದು ಪರೀಕ್ಷೆಯಲ್ಲಿ 6,000 ಗುಂಡುಗಳನ್ನು ತಡೆಯಿಲ್ಲದೆ ಹಾರಿಸಿ 1911ರ ಮಾರ್ಚಿಯಲ್ಲಿ ಸೈನ್ಯದ ಅಂಗೀಕಾರವನ್ನು ಪಡೆಯಿತು. ಎರಡು ಮಹಾಯುದ್ಧಗಳನ್ನು ಕಂಡು, 1985ರವರೆಗೂ ಆ ಸೈನ್ಯದ ಮುಖ್ಯ ಕೈಬಂದೂಕವಾಗಿ ಉಳಿಯಿತು. “ಒಂದೇ ಪಿಸ್ತೂಲು ಒಂದು ಸೈನ್ಯಕ್ಕೇ ಸಾಕಾಗಿರುವಾಗ ಒಂದು ಮನೆಗೆ ಸಾಲದೆ?” ಎಂಬುದು ಮಗನ ವಾದ.

ಯಜಮಾನರು ಈ ವಾದವನ್ನು ತಳ್ಳಿಹಾಕಲಿಲ್ಲ, ಒಂದೊಂದಾಗಿ ವಿಚಾರಿಸಿದರು. ಸೈನಿಕನಿಗೆ ಪಿಸ್ತೂಲೊಂದೇ ಆಯುಧವಲ್ಲ, ಅವನ ಸಂಗಡಿಗರ ಕೈಯಲ್ಲಿ ರೈಫಲುಗಳಿರುವುವು. ಪಿಸ್ತೂಲು ಕಟ್ಟಕಡೆಯ ಆಸರೆ ಮಾತ್ರ. ಮೇಲಾಗಿ 9 ಮಿಲಿಮೀಟರಿನ ಪಿಸ್ತೂಲು ಮೊದಲಾದವು ಈ ದೇಶದಲ್ಲಿ ನಿಷಿದ್ಧ ವರ್ಗಕ್ಕೆ ಸೇರಿದುವು. ಸಾಮಾನ್ಯ ಗೃಹಸ್ಥನ ಪಾಲಿಗೆ ಬರುವುದು ಹೆಚ್ಚಾಗಿ.32ರ ಸಣ್ಣ ಗುಂಡೇ. ಅದನ್ನು ಹಿಡಿದು ತೋಟಕ್ಕೆ ನುಗ್ಗಿದ ಕಾಟಿಯನ್ನೋ ಆನೆಯನ್ನೋ ಎದುರಿಸುವೆನೆನ್ನುವುದು ಹುಚ್ಚುತನ. ಹಂದಿಯನ್ನಾದರೂ ಹೊಡೆಯೋಣವೆಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಅಪ್ಪಣೆಯಿಲ್ಲದೆ ಅದನ್ನು ಕೊಲ್ಲುವುದು ಅಪರಾಧವು. ಈಗ ತೋಟದಲ್ಲಿ ಬೇಕಾಗಿರುವುದು ಸದ್ದು. ಆ ಕೆಲಸವನ್ನು ಗರ್ನಾಲು ಮಾಡುವುದು.

ಗುರಿಯ ಮಾತಾಯಿತು. ಯಜಮಾನರು ಮೊಮ್ಮಗನ ಪಾಟಿಯನ್ನು ತರಿಸಿ ಲೆಕ್ಕ ಹಾಕಿ ತೋರಿಸಿದರು. ರಿವಾಲ್ವರಿನ ಹಿಂದಣ ಮತ್ತು ಮುಂದಣ ಗುರಿಕೀಲುಗಳ ನಡುವೆ 4 ಅಂಗುಲವಿದೆಯೆಂದು ಇಟ್ಟುಕೊಂಡರೆ, ಮುಂದಣ ಕೀಲು ಒಂದು ಅಂಗುಲದ ಹತ್ತನೆಯ ಒಂದು ಪಾಲು ಅತ್ತ ಸರಿದರೂ 20 ಗಜದ ದೂರದಲ್ಲಿ ಗುಂಡು 18 ಅಂಗುಲ ತಪ್ಪಿ ಬೀಳುವುದು. ಉದ್ದನೆಯ ನಳಿಗೆಯ ಕೋವಿಯನ್ನು ಹೆಗಲಿಗೆ ಆನಿಸಿ ಹಿಡಿದಾಗ ಈ ಅಲುಗಾಟವು ಎಷ್ಟೋ ಅಡಗಿಹೋಗುವುದು. ಕೈಬಂದೂಕವನ್ನು ಹಗುರ ಮಾಡಿದರೆ ಒಯ್ಯುವುದು ಸುಲಭ, ಆದರೆ ಒದೆತವು ಹೆಚ್ಚು. ಭಾರ ಮಾಡಿದರೆ ಒದೆತ ಕಡಮೆ, ಆದರೆ ಅದು ಪೆಟ್ಟಿಗೆಯಲ್ಲೇ ಉಳಿಯುವುದು. ನಳಿಗೆಯನ್ನು ಮೊಟುಕು ಮಾಡಿದರೆ ಜೇಬಿಗೆ ಹಿತ, ಗುರಿಗೆ ಅಹಿತ. ಹೀಗೆ ಒಂದು ಗುಣವನ್ನು ಕೊಂಡರೆ ಮತ್ತೊಂದನ್ನು ಮಾರಲೇಬೇಕು. ಎಲ್ಲ ಕೆಲಸಕ್ಕೂ ಆಗುವ ಕೈಬಂದೂಕವೆಂದರೆ, ಎಲ್ಲ ಕೆಲಸಕ್ಕೂ ಅರ್ಧರ್ಧ ಆಗುವ ಕೈಬಂದೂಕವೆಂದೇ ಅರ್ಥ.

“ಇರಲಿ ಅಪ್ಪಯ್ಯ, ದಾರಿಯ ಭಯಕ್ಕೆ?” ಎಂದನು ಮಗ. ರಿವಾಲ್ವರನ್ನು ಕೊಂಡದ್ದು ಆ ಭಯಕ್ಕಾಗಿಯೇ. ಆಗ ಶಿವಮೊಗ್ಗದ ಮಂಡಿಯಲ್ಲಿ ಅಡಕೆ ಮಾರಿ, ವರ್ಷದ ಹಣವನ್ನೆಲ್ಲ ಚೀಲದಲ್ಲಿ ಕಟ್ಟಿಕೊಂಡು ಕತ್ತಲೆಯ ಕಾಡುದಾರಿಯಲ್ಲಿ ಬರಬೇಕಾಗಿತ್ತು. ಈಗ ಹಣವು ನೇರವಾಗಿ ಬ್ಯಾಂಕಿನ ಲೆಕ್ಕಕ್ಕೆ ಸೇರುವುದು. ದಾರಿಗಳ್ಳನಿಗೆ ಸಿಕ್ಕುವುದು ಎಲೆಯಡಕೆಯ ಸಂಚಿ ಮಾತ್ರ.

“ಹಾಗಾದರೆ ಮನೆಯ ಭಯಕ್ಕೆ? ರಾತ್ರಿ ಬಾಗಿಲ ಬಳಿ ಯಾರಾದರೂ ನಿಂತರೆ?”

ಈ ಪ್ರಶ್ನೆಗೆ ಯಜಮಾನರು ಕೂಡಲೇ ಉತ್ತರ ಕೊಡಲಿಲ್ಲ. ಮನೆಯಾಕೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತವರು, “ಹೇಳಿಬಿಡಿ. ಎಷ್ಟು ವರ್ಷ ಒಬ್ಬರೇ ಹೊತ್ತುಕೊಂಡಿರುತ್ತೀರಿ?” ಎಂದರು.

ಅದು 2003ರ ಆಷಾಢದ ಮಾತು. ಮಕ್ಕಳು ಓದಿಗೆಂದು ಪೇಟೆಯಲ್ಲಿದ್ದರು. ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ದೀಪದ ತಂತಿ ಎಲ್ಲಿಯೋ ಹರಿದು ಊರೆಲ್ಲ ಕತ್ತಲು. ಹಿಂದಿನ ವಾರವಷ್ಟೇ ಪಕ್ಕದ ಗ್ರಾಮದಲ್ಲಿ ಕಳವಾಗಿತ್ತು. ನಡುರಾತ್ರಿಯ ಮೇಲೆ ಹಿತ್ತಲಿನಲ್ಲಿ ಹೆಜ್ಜೆಯ ಸದ್ದಾದಂತಾಗಿ ಯಜಮಾನರು ಎದ್ದರು. ತೋಟಾ ಕೋವಿಯು ನಡುಮನೆಯ ಗೂಟದಲ್ಲಿತ್ತು, ಅದರ ತೋಟಾಗಳು ಬೀರುವಿನಲ್ಲಿದ್ದುವು. ರಿವಾಲ್ವರು ದಿಂಬಿನ ಕೆಳಗೆ, ಆರು ಗುಂಡುಗಳನ್ನು ತುಂಬಿಕೊಂಡು ಇತ್ತು. ಕೈ ತಾನಾಗಿ ಅದಕ್ಕೆ ಹೋಯಿತು. ಕಿಟಕಿಯ ಸಂದಿನಿಂದ ನೋಡಿದರೆ ಹಿಂಬಾಗಿಲಿನ ಬಳಿ ಬೆನ್ನುಬ್ಬಿದ, ದೊಡ್ಡದಾದ ಒಂದು ಆಕೃತಿ. ಅದರ ಕೈ ಚಿಲಕವನ್ನು ತಡಕುತ್ತಿತ್ತು. “ಯಾರದು?” ಎಂದು ಎರಡು ಸಲ ಕೂಗಿದರು. ಹಂಚಿನ ಮೇಲೆ ಬೀಳುವ ಮಳೆಯ ಆರ್ಭಟದಲ್ಲಿ ಉತ್ತರವೇನೂ ಕೇಳಿಸಲಿಲ್ಲ. ಹತ್ತು ಅಡಿಯ ದೂರ. ಆ ದೂರದಲ್ಲಿ ಗುರಿಯ ಲೆಕ್ಕವೇ ಬೇಕಾಗಿಲ್ಲ. ಬೆರಳು ಕುದುರೆಯನ್ನು ಅರ್ಧ ಎಳೆದಿತ್ತು.

ಅಷ್ಟರಲ್ಲಿ ಮಿಂಚು ಹೊಳೆಯಿತು. ಬೆನ್ನಿನ ಉಬ್ಬು ಗೊರಬಿನದು. ಗೊರಬಿನ ಒಳಗೆ ಇದ್ದವನು ತೋಟದ ಆಳಿನ ಮಗ, ಹನ್ನೆರಡು ವರ್ಷದ ಹುಡುಗ. ತಾಯಿಗೆ ಹೆರಿಗೆಯ ನೋವು ಕಾಣಿಸಿಕೊಂಡು ಸೂಲಗಿತ್ತಿಯ ಕೈಮೀರಿತೆಂದು, ಜೀಪು ಬೇಡಲು ಮಳೆಯಲ್ಲಿ ಒಂದು ಮೈಲಿ ಓಡಿ ಬಂದಿದ್ದನು. ಏದುಸಿರಿನಲ್ಲಿ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಯಜಮಾನರು ರಿವಾಲ್ವರನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿ ಬಾಗಿಲು ತೆಗೆದರು. ಆ ರಾತ್ರಿಯೇ ಜೀಪು ತೀರ್ಥಹಳ್ಳಿಗೆ ಹೋಯಿತು; ತಾಯಿಯೂ ಮಗುವೂ ಬದುಕಿದರು. ಊರೆಲ್ಲ ಯಜಮಾನರ ಔದಾರ್ಯವನ್ನು ಹೊಗಳಿತು. ಆ ಹೊಗಳಿಕೆಯನ್ನು ಕೇಳಿದಾಗಲೆಲ್ಲ ಅವರು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದುದನ್ನು ಜನರು ವಿನಯವೆಂದು ತಿಳಿದಿದ್ದರು. ಮರುದಿನವೇ ಅವರು ಗುಂಡುಗಳನ್ನು ತೆಗೆದು ಭತ್ತದ ಕಣಜದ ಕೋಣೆಯಲ್ಲಿ ಇಟ್ಟು ಬೀಗ ಹಾಕಿದ್ದರು. ಆ ಬೀಗದ ಕಾರಣವು ಮಕ್ಕಳಿಗೆ ತಿಳಿದದ್ದು ಹದಿನಾರು ವರ್ಷಗಳ ಮೇಲೆ, ಈ ದಿನ.

ಆ ಹುಡುಗನೇ ಈಗ ತೋಟದ ಕೊನೆಗಾರನು. ಅವನು ಆಗಲೂ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದನು. ಒಳಗಿನ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ.

ಮಗನು ಬಹಳ ಹೊತ್ತು ಸುಮ್ಮನಿದ್ದು, “ಜೋಡು ನಳಿಗೆ ಕೈಯಲ್ಲಿದ್ದಿದ್ದರೂ ಹಾಗೆಯೇ ಆಗಬಹುದಿತ್ತಲ್ಲ?” ಎಂದನು. ಮಾತು ನ್ಯಾಯವಾದದ್ದೇ. “ಆಗಬಹುದಿತ್ತು. ಆದರೆ ಅದನ್ನು ಗೂಟದಿಂದ ಇಳಿಸಬೇಕು, ಬೀರು ತೆಗೆಯಬೇಕು, ನಳಿಗೆ ಮುರಿದು ತೋಟಾ ತುಂಬಬೇಕು. ಅಷ್ಟರಲ್ಲಿ ಎರಡು ಮಿಂಚು ಹೊಳೆದಿರುತ್ತಿತ್ತು. ಇದು ಯಾವಾಗಲೂ ಸಿದ್ಧ. ಅದು ಸಿದ್ಧವಾಗಿದ್ದಷ್ಟು ನಾನು ಸಿದ್ಧನಾಗಿರಲಿಲ್ಲ” ಎಂದರು ಯಜಮಾನರು. ಅಂದಿನಿಂದ ಆ ಮನೆಯಲ್ಲಿ ಆಯುಧವನ್ನು ಆರಿಸುವ ಮಾತು ಗುಂಡಿನ ಗಾತ್ರದ ಮಾತಾಗಿ ಉಳಿಯಲಿಲ್ಲ.

ಡಿಸೆಂಬರಿನಲ್ಲಿ ಕಾನೂನು ಅಂಗೀಕಾರವಾದಾಗ ಮಿತಿಯು ಒಂದಲ್ಲ, ಎರಡು ಎಂದಾಯಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಪೋಲೀಸು ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕು. ಮಗನಿಗೆ ಸಮಾಧಾನವಾಯಿತು, ಅಜ್ಜನ ಕೇಪಿನ ಕೋವಿಯು ಹೇಗೂ ಗೋಡೆಯ ಅಲಂಕಾರ, ಅದನ್ನು ಕೊಟ್ಟರೆ ಸಾಕೆಂದು ಅವನು ಎಣಿಸಿದನು. ಅದನ್ನು ಮಾರಿದರೆ ನೂರು ರೂಪಾಯಿ ಹುಟ್ಟದು, ರಿವಾಲ್ವರಿಗೆ ಬೆಲೆಯುಂಟು. ಲೆಕ್ಕದ ದೃಷ್ಟಿಯಿಂದ ಅವನು ಹೇಳಿದ್ದು ಸರಿಯೇ ಆಗಿತ್ತು. ಆದರೂ ಯಜಮಾನರು ಒಂದು ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಪರವಾನಗಿಯ ಪುಸ್ತಕವನ್ನೂ ರಿವಾಲ್ವರನ್ನೂ ಆರು ಗುಂಡುಗಳನ್ನೂ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಠಾಣೆಗೆ ಹೋಗಿ, ರಸೀತಿ ಪಡೆದು ಬಂದರು.

ಸಂಜೆ ಕೊನೆಗಾರನು ಜಗಲಿಯಲ್ಲಿ ಕುಳಿತು, “ಯಾವುದನ್ನು ಕೊಟ್ಟಿರಿ ಅಯ್ಯಾ?” ಎಂದು ಕೇಳಿದನು.

“ಚಿಕ್ಕದನ್ನು.”

“ಅದೇ ಒಳ್ಳೆಯದಾಗಿತ್ತಲ್ಲ! ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು.”

ಯಜಮಾನರು ಅವನ ಮುಖವನ್ನು ಒಂದು ಕ್ಷಣ ನೋಡಿ, ಒಳಗೆ ತಿರುಗಿ, ಇನ್ನೊಂದು ಲೋಟ ಕಾಫಿ ತರುವಂತೆ ಹೇಳಿದರು. ಮುಂದಿನ ಮಹಾನವಮಿಗೆ ಕತ್ತಿ ಗುದ್ದಲಿಗಳ ಪಕ್ಕದಲ್ಲಿ ಎರಡೇ ಕೋವಿಗಳಿದ್ದುವು. ಮೂರನೆಯದರ ಸ್ಥಳದಲ್ಲಿ, ಯಾರೂ ಕೇಳದಿದ್ದರೂ, ಯಜಮಾನರು ಕೊನೆಗಾರನ ಕತ್ತಿಯನ್ನು ಇರಿಸಿ ಕುಂಕುಮವಿಟ್ಟರು.