ಡ್ಯಾಮ್ ಕಟ್ಟಲು ಹೋಗಿ...

ವಿಜ್ಞಾನ ಪ್ರದರ್ಶನಕ್ಕೆ ಏನು ಮಾಡೋಣ ಅಂತ ಕೇಳಿದರೆ ನಮ್ಮ ಮಕ್ಕಳದು ಒಂದೇ ಉತ್ತರ, "ಬಿ.ಟಿ.ಪಿ. ಡ್ಯಾಮ್ ಸಾರ್!" ಭೈರವಾನಿತಿಪ್ಪ ಅಂತ ಪೂರ್ತಿ ಹೆಸರು ಹೇಳುವ ತಾಳ್ಮೆ ಅವರಿಗೆಲ್ಲಿ? ವೇದಾವತಿಯ ಮೇಲ್ಗಡೆ, ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರವಿದೆ. ಅದು 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದದ್ದು 2022ರಲ್ಲಿ! ಹಾಗಾಗಿ ನಮ್ಮ ಕಡೆಯ ಮಕ್ಕಳಿಗೆ ನೀರು ತುಂಬಿದ ಡ್ಯಾಮೇ ಬೇಕು.

ನೀರು ನಿಲ್ಲಬೇಕು ಅಂದರೆ ಫೈಬರ್ ಗ್ಲಾಸ್ ಅಂತ ನಾವು ಮೇಷ್ಟ್ರುಗಳೇ ತೀರ್ಮಾನಿಸಿ ಒಂದು ಡಬ್ಬಿ ರೆಸಿನ್ ತಂದೆವು. ಧೂಳು ಬೀಳದಿರಲಿ ಅಂತ ಕಿಟಕಿ ಮುಚ್ಚಿ ಕೆಲಸ ಶುರು. ಹತ್ತು ನಿಮಿಷಕ್ಕೆ ಮಕ್ಕಳ ಕಣ್ಣಲ್ಲಿ ನೀರು, ಒಬ್ಬಳಿಗೆ ವಾಂತಿ. ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂರಿಸಿದ ಮೇಲೆ ಡಬ್ಬಿ ತಿರುಗಿಸಿ ನೋಡಿದೆವು. ಗಾಳಿಯಾಡುವ ಜಾಗ, ಕೈಗವಸು, ಕನ್ನಡಕ... ಎಲ್ಲವೂ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ಮಕ್ಕಳಿಗೆ ಓದಲು ಬಾರದು, ಸರಿ. ನಮಗೆ ಬರುತ್ತಿತ್ತಲ್ಲ!

ಆ ವಾಸನೆ ಸ್ಟೈರೀನಿನದು. ಪಾಲಿಯೆಸ್ಟರ್ ರೆಸಿನ್ನನ್ನು ಅದರಲ್ಲೇ ಕರಗಿಸಿರುತ್ತಾರೆ. ಅದು ಬಹುಶಃ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ತೀರ್ಮಾನಿಸಿದೆ. ಗಟ್ಟಿಯಾಗಲು ಬೆರೆಸುವ ಪೆರಾಕ್ಸೈಡ್ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ನೀರಲ್ಲಿ ಕಲಸುವ ರೆಸಿನ್ನೂ ಇದೆ. 1984ರಲ್ಲಿ ಬ್ರಿಟನ್ನಿನ ಪೀಟರ್ ಹಾಕಿನ್ಸ್ ರೂಪಿಸಿದ ಜೆಸ್ಮೊನೈಟ್ ಅಂಥದ್ದು. ಜಿಪ್ಸಮ್ ಪುಡಿಗೆ ಅಕ್ರಿಲಿಕ್ ದ್ರವ ಬೆರೆಸುತ್ತಾರೆ. ಪುಡಿ ನೀರು ಕುಡಿದು ಗಟ್ಟಿಯಾಗುತ್ತದೆ, ನೀರಲ್ಲಿ ತೇಲುತ್ತಿದ್ದ ಅಕ್ರಿಲಿಕ್ ಕಣಗಳು ಒಂದಕ್ಕೊಂದು ಅಂಟಿ ಬೆಸೆಯುತ್ತವೆ. ಆದರೆ ಅದರ ಬೆಲೆ ನಮ್ಮ ಶಾಲೆಗೆ ಎಟುಕುವುದಲ್ಲ ಬಿಡಿ.

ಆಗ ನೆನಪಾದದ್ದು ಕೊಪ್ಪಳದ ಕಿನ್ನಾಳ. ಅಲ್ಲಿನ ಚಿತ್ರಗಾರರು ಗೋಣಿನಾರು, ಮರದ ಪುಡಿ, ಹುಣಸೆಬೀಜದ ಅಂಟು ಕಲಸಿ ಬೊಂಬೆ ಮಾಡುತ್ತಾರೆ. ನಾರು ಬಲ ಕೊಡುತ್ತದೆ, ಅಂಟು ಹಿಡಿದಿಡುತ್ತದೆ. ಫೈಬರ್ ಗ್ಲಾಸಿನ ಲೆಕ್ಕವೂ ಇದೇ ತಾನೆ? ಹುಣಸೆಬೀಜಕ್ಕೆ ನಮ್ಮೂರಲ್ಲಿ ಬರವೇ? ಮಕ್ಕಳು ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದರು. ಹಳೇ ಗೋಣಿಚೀಲದ ಚೂರುಗಳನ್ನು ಅದರಲ್ಲಿ ಅದ್ದಿ ತಂತಿಬಲೆಯ ಮೇಲೆ ಪದರ ಪದರವಾಗಿ ಹಚ್ಚಿದರು. ಪೂರ್ತಿ ಒಣಗಲು ನಾಲ್ಕು ದಿನ ಬೇಕಾಯಿತು. ಮಧ್ಯೆ ಒಂದು ದಿನ ಮೋಡ ಕವಿದು ಬೂಸಲು ಹಿಡಿದ ಒಂದು ಮೂಲೆಯನ್ನು ಕಿತ್ತು ಮತ್ತೆ ಮಾಡಿದ್ದಾಯಿತು.

ಒಂದು ತೊಡಕಂತೂ ಇತ್ತು. ನೀರಲ್ಲಿ ಕಲಸಿದ ಹುಣಸೆ ಅಂಟು ನೀರು ಕಂಡರೆ ಮತ್ತೆ ಮೆತ್ತಗಾಗುತ್ತದೆ! ಒಳಗಡೆಗೆ ತಾರಸಿಗೆ ಬಳಿಯುವ ಅಕ್ರಿಲಿಕ್ ಲೇಪನ ಮೂರು ಸಲ ಹಚ್ಚಿದೆವು. ಅದೂ ನೀರಿನದೇ, ಒಣಗಿದ ಮೇಲೆ ನೀರಿಗೆ ಜಗ್ಗದು. ಕಿಟಕಿಗಳೆಲ್ಲ ತೆರೆದಿದ್ದವು, ಈ ಸಲ ಡಬ್ಬಿಯ ಮೇಲಿದ್ದದ್ದನ್ನು ಮೊದಲೇ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದಿದ್ದೆವು.

ಪ್ರದರ್ಶನದ ದಿನ ಮಧ್ಯಾಹ್ನದವರೆಗೆ ನೀರು ನಿಂತಿತು. ಆಮೇಲೆ ಎಡಮೂಲೆಯಲ್ಲಿ ಸಣ್ಣಗೆ ಜಿನುಗತೊಡಗಿತು. ತೀರ್ಪುಗಾರರು ಬಗ್ಗಿ ನೋಡಿದರೆ ನಮ್ಮ ಹುಡುಗ ಒಂದಿಷ್ಟೂ ಅಳುಕದೆ, "ಅದು ಕಾಲುವೆ ಸಾರ್" ಅಂದುಬಿಟ್ಟ.